ಕಣ್ಣು ಮುಟ್ಟದ ಹಕ್ಕಿ

ಸಂಶೋಧಕರು ಪರೀಕ್ಷೆಗೆಂದು ಕೊಟ್ಟ ವಿಡಿಯೋದಲ್ಲಿ ಆನೆ ಸೀಲ್ ಎಂಬ ಕಡಲ ಪ್ರಾಣಿಗಳಿದ್ದವು; ಸಂಜೆ ಐದರೊಳಗೆ ಪ್ರತಿಯೊಂದಕ್ಕೂ ಗಂಡು, ಹೆಣ್ಣು, ಮರಿ, ಬದುಕಿದೆ, ಸತ್ತಿದೆ ಎಂದು ಗುರುತು ಹಾಕಿ ಕಳಿಸಬೇಕಿತ್ತು. ತಪ್ಪಿಲ್ಲದಿದ್ದರೆ ತೆಂಕಣ ಕಡಲಿನ ದ್ವೀಪವೊಂದರಲ್ಲಿ ಐದು ತಿಂಗಳು ಅವುಗಳನ್ನೇ ನೋಡುವ ಕೆಲಸ. ಕಡಲ ಜೀವಶಾಸ್ತ್ರ ಓದಿ ಎರಡು ವರ್ಷ ಕಾಸರಕೋಡದ ಮನೆಯಲ್ಲೇ ಕೂತಿದ್ದ ನನಗೆ ಅದು ಬೇಕೇ ಬೇಕಿತ್ತು. ಅಮ್ಮನಿಗೆ ಹೇಳಿರಲಿಲ್ಲ.

ದೊಡ್ಡ ಗಂಡುಗಳು ಸುಲಭ: ಬಾಯಿಯ ಮೇಲೆ ಜೋತುಬಿದ್ದ ಸೊಂಡಿಲಿನಂಥ ಮೂಗು, ಕತ್ತಿನ ತುಂಬ ಕಾದಾಟದ ಗಾಯ. ಹೆಣ್ಣಿಗೆ ಆ ಮೂಗಿಲ್ಲ, ಮೈಯೂ ಸಣ್ಣದು. ನನ್ನನ್ನು ಕಾಡಿದ್ದು ಒಂದು ಮರಿ. ತುಂಬಿದ ಗೋಣಿಯಂತೆ ಮರಳಲ್ಲಿ ಬಿದ್ದಿತ್ತು. ಎಂಟು ನಿಮಿಷವಾದರೂ ಪಕ್ಕೆ ಅಲುಗಲಿಲ್ಲ, ಅಷ್ಟಕ್ಕೆ ವಿಡಿಯೋ ಮುಗಿಯಿತು. ನಿದ್ದೆಯಲ್ಲಿ ಇವು ಉಸಿರು ಹಿಡಿಯುತ್ತವೆಂದು ಓದಿದ್ದೆ. ಆದರೆ ಇಷ್ಟು ಹೊತ್ತೆ? ನಾನೂ ಹಿಡಿದು ನೋಡಿದೆ, ಮುಕ್ಕಾಲು ನಿಮಿಷಕ್ಕೆ ಸೋತೆ. ಬಾಗಿಲವರೆಗೆ ಹೋದೆ, ಬಂದೆ. ‘ಸತ್ತಿದೆ’ ಎಂದು ಹಾಕಿದೆ, ಅಳಿಸಿದೆ, ಮತ್ತೆ ಹಾಕಿದೆ.

ಅಂಗಳದಲ್ಲಿ ಮೀನು ಒಣಗಿಸುತ್ತಿದ್ದ ಅಮ್ಮ ನೀರು ಕುಡಿಯಲು ಒಳಗೆ ಬಂದಳು.

“ಅದೆಂತ, ಕಾಲಿಲ್ಲದ ಎಮ್ಮೆ?”

“ಸೀಲ್ ಮರಿ. ಸತ್ತಿದೆ.”

ಅಮ್ಮ ಬಗ್ಗಿ ನೋಡಿದಳು. “ಯಾರು ಹೇಳಿದ್ರು? ಪಕ್ಕದಲ್ಲಿ ಎರಡು ಹಕ್ಕಿ ಸುಮ್ನೆ ನಿಂತಿದಾವೆ. ಸತ್ತದ್ದಾದ್ರೆ ಮೊದ್ಲು ಕಣ್ಣಿಗೇ ಕುಕ್ತಿದ್ವು. ದಿನಾ ಕಾಗೆ ಓಡ್ಸೂದು ನಾನಾ, ನೀನಾ?”

ಮರಿಯನ್ನೇ ನೋಡುತ್ತಿದ್ದ ನನಗೆ ಹಕ್ಕಿಗಳು ಕಂಡೇ ಇರಲಿಲ್ಲ. ಗುರುತು ತಿದ್ದಿದೆ.

“ಇದರ ತಾಯಿ ಎಲ್ಲಿ?”

“ಹಾಲು ಬಿಡ್ಸಿ ಕಡಲಿಗೆ ಹೋಯ್ತು. ಇನ್ನು ಬರೂದಿಲ್ಲ. ಮರಿ ಉಪವಾಸ ಇದ್ದು ತಾನೇ ಈಜು ಕಲೀತದೆ.”

“ಎಂಥಾ ತಾಯಿ!”

ಆಗ ಹೇಳಿಬಿಟ್ಟೆ. “ಇದು ಸರಿಯಾದ್ರೆ ನಾನೂ ಅಲ್ಲಿಗೆ ಹೋಗ್ಬೇಕು, ಅಮ್ಮ. ಐದು ತಿಂಗ್ಳು.”

ಮೀನಿನ ಹುರುಪೆ ಅಂಟಿದ ಕೈಯನ್ನು ಅವಳು ಸೆರಗಿಗೆ ಒರೆಸಿಕೊಂಡೇ ಒರೆಸಿಕೊಂಡಳು.

“ಅದ್ಕೇ ಬೆಳಿಗ್ಗಿಂದ ಕೂತಲ್ಲಿ ಕೂರ್ತಿಲ್ಲ ನೀನು. ಆತು, ಕಳ್ಸು.”

ಹೊರಗೆ ಹೋಗಿ ಕಾಗೆಗಳನ್ನು ಎಂದಿಗಿಂತ ಜೋರಾಗಿ ಬೈದಳು. ನಾನು ಕಳಿಸಿದೆ.

ಹತ್ತು ದಿನಕ್ಕೆ ಉತ್ತರ ಬಂತು. ಮರಿ ಬದುಕಿತ್ತು, ನನ್ನನ್ನು ಆರಿಸಿದ್ದರು. ಅಮ್ಮ ಕೇಳಿದ್ದು ಒಂದೇ: “ಅಲ್ಲಿಗೆ ಒಣಮೀನು ಒಯ್ಯೂಕೆ ಬಿಡ್ತಾರಾ?”

ಬಿಡುವುದಿಲ್ಲವೆಂದು ನಿಯಮಗಳಲ್ಲಿ ಓದಿದ್ದೆ. “ಕೇಳಿ ಹೇಳ್ತೆ” ಎಂದೆ.