ಏಳು ಬಾಗಿಲಿನ ಐದನೆಯವನು

ಮನಿಲಾದಿಂದ ದೂರದ ದ್ವೀಪವೊಂದರ ತಿಗ್ಬಾವಾನ್ ಊರಿನ ಮಾರುಕಟ್ಟೆ ಬೀದಿಯಲ್ಲಿ, ಹೆಣ ಇಡುವ ಚಾಪೆಲ್‌ಗೆ ಸರಿ ಎದುರಾಗಿ ಬಾಸಿಲಿಸಾಳ ಕಂಪ್ಯೂಟರ್ ಅಂಗಡಿ. ಹಾಂಗ್‌ಕಾಂಗಿನಲ್ಲಿ ಒಂಬತ್ತು ವರ್ಷ ಬೇರೆಯವರ ಮಕ್ಕಳ ಮೂಗು ಒರೆಸಿ, ಬೇರೆಯವರ ನೆಲ ಒರೆಸಿ ಉಳಿಸಿದ ದುಡ್ಡಿನಲ್ಲಿ ಅವಳು ಹನ್ನೊಂದು ಕಂಪ್ಯೂಟರ್ ಕೊಂಡು ಅಂಗಡಿ ತೆರೆದಾಗ ಊರು ನಕ್ಕಿತ್ತು. ಸತ್ತವರ ಎದುರಿಗೆ ಕೂತು ಆಡುವವರು ಯಾರು ಎಂದಿತ್ತು. ಆದರೆ ಆ ಜಾಗವೇ ಅವಳ ಕೈ ಹಿಡಿಯಿತು. ಹೆಣ ನೋಡಿ ಬಂದವರು ನೇರವಾಗಿ ಮನೆಗೆ ಹೋಗಬಾರದು. ಹೋದರೆ ಸತ್ತವನು ಬೆನ್ನು ಹತ್ತಿ ಬರುತ್ತಾನೆ. ನಡುವೆ ಎಲ್ಲಾದರೂ ನಿಂತು, ಒಂದಷ್ಟು ಹೊತ್ತು ಕೂತು, ಅವನನ್ನು ಅಲ್ಲೇ ಕೊಡವಿ ಹೋಗಬೇಕು. ಬೇರೆ ಬೀದಿಗಳಲ್ಲಿ ಇದಕ್ಕೆ ಕಾಫಿ ಅಂಗಡಿ ಇರುತ್ತದೆ, ಬಾಟ್ಚೊಯ್ ನೂಡಲ್ಸಿನ ಅಂಗಡಿ ಇರುತ್ತದೆ. ಈ ಬೀದಿಗೆ ಬಾಸಿಲಿಸಾಳ ಅಂಗಡಿ. ಕಣ್ಣು ಕೆಂಪಾದವರು ಬಂದು, ಡಬ್ಬಿಯ ಸೀಳಿಗೆ ನಾಣ್ಯ ಹಾಕಿ, ಅರ್ಧ ಗಂಟೆ ಯಾವುದೋ ಆಟದಲ್ಲಿ ಮುಳುಗಿ, ಹಗುರಾಗಿ ಎದ್ದು ಹೋಗುತ್ತಿದ್ದರು.

"ಊರಿನ ಸತ್ತವರನ್ನೆಲ್ಲ ನಿನ್ನ ಅಂಗಡೀಲೇ ಬಿಟ್ಟು ಹೋಗ್ತೀವಲ್ಲ, ಭಯ ಆಗಲ್ವಾ ಮನಾಂಗ್?" ಎಂದು ಯಾರಾದರೂ ಕೇಳಿದರೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು. "ನಾಣ್ಯ ಹಾಕ್ದೆ ಇಲ್ಲಿ ಯಾರೂ ಕೂರಂಗಿಲ್ಲ. ಸತ್ತವರಿಗೂ ಅದೇ ರೂಲ್ಸು."

ಊರಿಗೆಲ್ಲ ಅವಳು ಬಾಸಿಂಗ್ ಮನಾಂಗ್, ದೊಡ್ಡಕ್ಕ. ವಯಸ್ಸು ಐವತ್ತನಾಲ್ಕು. ಮೌಸ್ ಹಿಡಿದು ಒಂದು ಆಟವನ್ನೂ ಆಡಿದವಳಲ್ಲ. ಆದರೆ ಹದಿನಾರು ವರ್ಷ ಹುಡುಗರ ಬೆನ್ನ ಹಿಂದೆ ನಿಂತು ನೋಡಿದ್ದರಿಂದ 'ಏಳು ಬಾಗಿಲು' ಎಂಬ ಆಟದ ಒಂದೊಂದು ಸಂದಿಯೂ ಅವಳಿಗೆ ತನ್ನ ಅಡುಗೆಮನೆಯಷ್ಟೇ ಗೊತ್ತಿತ್ತು. ಐದು ಜನ ಈ ಕಡೆ, ಐದು ಜನ ಆ ಕಡೆ. ಎದುರಾಳಿಗಳ ಏಳು ಬಾಗಿಲನ್ನು ಮೊದಲು ಒಡೆದವರು ಗೆದ್ದರು. ಒಂದು ಕಾಲದಲ್ಲಿ ಆ ಆಟಕ್ಕಾಗಿ ಅವಳ ಅಂಗಡಿಯ ಹೊರಗೆ ಬೆಂಚು ಹಾಕಬೇಕಾಗಿತ್ತು. ಆಮೇಲೆ ಎಲ್ಲರ ಕೈಗೂ ಫೋನು ಬಂತು, ಫೋನಿನಲ್ಲಿ ಬೇರೆ ಆಟ ಬಂತು. 'ಏಳು ಬಾಗಿಲು' ಮುದಿಯಾಯಿತು. ಅದನ್ನು ಬದುಕಿಸಿ ಇಟ್ಟಿದ್ದು ಕಂಪನಿಯವರು ದುಡ್ಡು ಹಾಕಿ ನಡೆಸುತ್ತಿದ್ದ ಪ್ರಾಂತ್ಯಗಳ ಲೀಗ್ ಒಂದೇ. ಎಂಟು ಊರಿನ ಎಂಟು ತಂಡ. ಬಹುಮಾನ ವರ್ಷ ವರ್ಷಕ್ಕೂ ಸಣ್ಣದಾಗುತ್ತಿತ್ತು. ಆದರೂ ಲೀಗ್ ಇದೆ ಎಂಬ ಒಂದೇ ಕಾರಣಕ್ಕೆ ತಂಡಗಳು ದಿನಾ ಮೂರು ಗಂಟೆಗೆ ಬಂದು ಅಭ್ಯಾಸ ಮಾಡುತ್ತಿದ್ದವು.

ತಿಗ್ಬಾವಾನ್ ತಂಡದ ಐದು ಜನರಲ್ಲಿ ಎಲ್ಲರಿಗಿಂತ ಮೇಲು ರುಡೆಲ್. ಬಾಡಿಗೆ ಟ್ರೈಸಿಕಲ್ ಓಡಿಸುತ್ತಿದ್ದ, ಇಪ್ಪತ್ತಾರು ವರ್ಷದವನು. ಆಟದೊಳಗೆ ಅವನ ಹೆಸರು ತಲಾಬಾ, ಅಂದರೆ ಸಿಂಪಿ. ಬಾಗಿಲ ಮುಂದೆ ಸಿಂಪಿಯ ಹಾಗೆ ಅಂಟಿಕೊಂಡು ನಿಂತುಬಿಡುತ್ತಿದ್ದ. ಉಳಿದ ನಾಲ್ವರೂ ಬಂದು ಸೇರುವ ತನಕ ಒಳಗೆ ಕಾಲಿಡುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಡೆಂಗಿ ಜ್ವರ ಬಂದು ಐದೇ ದಿನಕ್ಕೆ ಹೋಗಿಬಿಟ್ಟ. ಎದುರಿನ ಚಾಪೆಲ್‌ನಲ್ಲೇ ಮಲಗಿಸಿದರು. ತಂಡದ ನಾಲ್ವರು, ವಿಲ್ಮಾರ್, ಡಾಯ್ಲಿನ್ ಮತ್ತು ಇಬ್ಬರು ಅಣ್ಣತಮ್ಮಂದಿರು, ಅವನ ಮುಖ ನೋಡಿ, ರಸ್ತೆ ದಾಟಿ ನೇರ ಬಾಸಿಲಿಸಾಳ ಅಂಗಡಿಗೆ ಬಂದರು. ಪದ್ಧತಿ ಪ್ರಕಾರ ಅರ್ಧ ಗಂಟೆ ಕೂತರು. ಬೇರೇನೂ ತೋಚದೆ 'ಏಳು ಬಾಗಿಲು' ಆಡಿದರು. ಆಮೇಲೆ ಮನೆಗೆ ಹೋದರು.

ಅಂತ್ಯಕ್ರಿಯೆ ಆದ ಮಾರನೆಯ ದಿನ ಮಧ್ಯಾಹ್ನ ಮೂರಕ್ಕೆ ನಾಲ್ವರೂ ಆಟ ತೆರೆದರು. ಪರದೆಯ ಬದಿಯಲ್ಲಿ ತಂಡದ ಹೆಸರುಗಳು ಒಂದೊಂದೇ ಹಸಿರಾದವು. ನಾಲ್ಕು. ಆಮೇಲೆ ಐದು.

"ಯಾರೋ ಪಾಸ್‌ವರ್ಡ್ ಕದ್ದವ್ರೆ" ಎಂದ ವಿಲ್ಮಾರ್. ತಮಾಷೆಯವನು; ಆದರೆ ಅವತ್ತು ಅವನ ದನಿ ತೆಳ್ಳಗಿತ್ತು.

ಬಾಸಿಲಿಸಾ ತನ್ನ ಮೇಜಿನ ಕಂಪ್ಯೂಟರಿನಲ್ಲಿ ನೋಡಿದಳು. ತಲಾಬಾ ಬಂದಿದ್ದು ಹೊರಗಿನಿಂದಲ್ಲ, ಅವಳ ಅಂಗಡಿಯ ಇಂಟರ್ನೆಟ್ ತಂತಿಯಿಂದಲೇ. ಗಿರಾಕಿಗಳ ಹನ್ನೊಂದು ಯಂತ್ರಗಳಲ್ಲಿ ನಾಲ್ಕು ಉರಿಯುತ್ತಿದ್ದವು. ಉಳಿದ ಏಳರ ಪರದೆಗಳನ್ನು ಅವಳು ಕೈಯಿಂದ ಮುಟ್ಟಿ ನೋಡುತ್ತ ಬಂದಳು, ಎಲ್ಲವೂ ತಣ್ಣಗಿದ್ದವು. ಹೊರಗೆ ರಣಬಿಸಿಲು, ಜೀಪ್ನಿ ಬಸ್ಸುಗಳ ಗದ್ದಲ, ಪಕ್ಕದ ಅಂಗಡಿಯಲ್ಲಿ ಮೀನು ಕೊಚ್ಚುವ ಸದ್ದು. ಒಳಗೆ ಪರದೆಯ ಮೇಲೆ ತಲಾಬಾ ಹೊಳೆಯ ಬದಿಯ ದಾರಿ ಹಿಡಿದು ನಡೆದು, ಮೊದಲನೆಯ ಬಾಗಿಲಿನ ಮುಂದೆ ನಿಂತ. ನಾಲ್ವರೂ ಬರಲಿ ಎಂದು ಕಾಯುತ್ತಿದ್ದ.

ಡಾಯ್ಲಿನ್ ಮೆಲ್ಲಗೆ, "ಅವನೇ, ಮನಾಂಗ್" ಎಂದಳು. ಯಾರೂ ಎದ್ದು ಓಡಲಿಲ್ಲ. ಕಾಯುತ್ತ ನಿಂತವನನ್ನು ಬಿಟ್ಟು ಹೋಗುವುದು ಹೇಗೆ? ಹೋಗಿ ಸೇರಿಕೊಂಡರು.

ದಿನಾ ಮೂರಕ್ಕೆ ಬಂದ. ಒಂದು ಮಾತೂ ಬರೆಯುತ್ತಿರಲಿಲ್ಲ, ಚೆನ್ನಾಗಿ ಆಡುತ್ತಿದ್ದ. ನಲವತ್ತು ದಿನ ಕಳೆದರೆ ಆತ್ಮ ತನ್ನ ದಾರಿ ಹಿಡಿಯುತ್ತದೆ ಎಂದುಕೊಂಡಿದ್ದರು. ನಲವತ್ತೊಂದನೆಯ ದಿನವೂ ಬಂದ. ಅಷ್ಟರಲ್ಲಿ ಅವನ ತಾಯಿ ಮೆನ್ಸಿಯಾಳ ಕಿವಿಗೂ ಸುದ್ದಿ ಬಿದ್ದಿತ್ತು. ಅಕ್ಕಿಹಿಟ್ಟಿನ ಪುತೋ ಬೇಯಿಸಿ ಮಾರುತ್ತಿದ್ದ ಹೆಂಗಸು. ಬುಟ್ಟಿ ಬಾಗಿಲಲ್ಲಿ ಇಳಿಸಿ, ವಿಲ್ಮಾರ್‌ನ ಹಿಂದೆ ಸ್ಟೂಲು ಎಳೆದುಕೊಂಡು ಕೂತಳು.

"ಯಾವುದು ನನ್ನ ಮಗ?"

"ಆ ನೀಲಿ ಅಂಗಿಯವನು, ತಿಯಾ" ಎಂದ ವಿಲ್ಮಾರ್, ಚಿಕ್ಕಮ್ಮನನ್ನು ಕರೆಯುವ ಹಾಗೆ.

ತುಂಬಾ ಹೊತ್ತು ನೋಡಿದಳು. "ಹೌದು. ಊಟಕ್ಕೆ ಕರೆದ್ರೂ ಹಿಂಗೇ ಬಾಗಿಲಲ್ಲೇ ನಿಂತಿರ್ತಿದ್ದ." ಆಮೇಲೆ ಬಾಸಿಲಿಸಾಳ ಕಡೆ ತಿರುಗಿ ಕೋಪವಿಲ್ಲದೆ ಹೇಳಿದಳು: "ಮನೆ ತಂಕ ಬರಬಾರದು ಅಂತ ಮಕ್ಕಳು ಅವನನ್ನ ಇಲ್ಲಿ ಕೊಡವಿದ್ರು. ಅವನು ಮನೇಲಿ ಇದ್ದಿದ್ದಾದ್ರೂ ಯಾವಾಗ ಬಾಸಿಂಗ್? ಅವನ ಮನೆ ಇದೇ ತಾನೇ? ಸತ್ತವನನ್ನ ಅವನ ಮನೇಲೇ ತಂದು ಬಿಟ್ಟು ಹೋದ್ರೆ ಅವನು ಹೋಗೋದೆಲ್ಲಿಗೆ?"

ಇಷ್ಟು ವರ್ಷ ಊರಿನ ಸಾವುಗಳನ್ನೆಲ್ಲ ಕೊಡವಿಸಿಕೊಂಡ ಬಾಸಿಲಿಸಾಳಿಗೆ ಇಷ್ಟು ಸರಳವಾದ ಮಾತು ಹೊಳೆದಿರಲಿಲ್ಲ.

ನವೆಂಬರಿನಲ್ಲಿ ಕಂಪನಿಯ ಪತ್ರ ಬಂತು. ಲೀಗ್‌ಗೆ ಇನ್ನು ಮುಂದೆ ದುಡ್ಡು ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಲು ಅಧಿಕಾರಿಯೊಬ್ಬರು ಎಂಟೂ ಊರಿಗೆ ಬರುತ್ತಾರೆ. ಎಂಟು ತಂಡ, ತಂಡಕ್ಕೆ ಐದು ಜನ, ಕಣ್ಣೆದುರು ಕೂತು ಆಡಬೇಕು. ಒಂದು ತಂಡ ಕಡಿಮೆಯಾದರೂ ಲೀಗ್ ಇಲ್ಲ. ಲೀಗ್ ಇಲ್ಲದಿದ್ದರೆ ಡಿಸೆಂಬರ್ ಕೊನೆಗೆ ಆಟವನ್ನೇ ಮುಚ್ಚುತ್ತಾರೆ. ಐದನೆಯವನಿಗಾಗಿ ಬಾಸಿಲಿಸಾ ಊರೆಲ್ಲ ಹುಡುಕಿದಳು. ಮೀನಂಗಡಿಯ ಹುಡುಗನೊಬ್ಬ ಎರಡು ದಿನ ಬಂದು, "ಇದು ನಮ್ಮಪ್ಪನ ಕಾಲದ ಆಟ ಮನಾಂಗ್" ಎಂದು ಹೋದವನು ಮತ್ತೆ ಬರಲಿಲ್ಲ. ಆಟ ಮುಚ್ಚಿದರೆ ಅಂಗಡಿಯೂ ಮುಚ್ಚಿದ ಹಾಗೆಯೇ. ಇನ್ನೊಂದು ಮಾತನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ: ಮೂರು ಗಂಟೆಗೆ ಬರುವವನು ಆಮೇಲೆ ಎಲ್ಲಿಗೆ ಬರುತ್ತಾನೆ?

ಮನಿಲಾದಿಂದ ಬಂದ ಅಧಿಕಾರಿ ಇನಾರೆಸ್ ಎಂಬ ನಲವತ್ತರ ಹೆಂಗಸು. ಉಳಿದ ಏಳು ಊರು ಮುಗಿಸಿ ದಣಿದಿದ್ದಳು. ಬಾಸಿಲಿಸಾ ಕೊಟ್ಟ ಕಾಫಿ, ಮೆನ್ಸಿಯಾ ಕೊಟ್ಟ ಪುತೋ ತೆಗೆದುಕೊಂಡು, ಮುಚ್ಚುಮರೆಯಿಲ್ಲದೆ ಮಾತಾಡಿದಳು.

"ಬೇಜಾರು ಮಾಡ್ಕೋಬೇಡಿ ಮನಾಂಗ್. ಆಫೀಸಲ್ಲಿ ಅರ್ಧ ಜನ ಬೇಡ ಅಂತಾರೆ. ಹದಿನಾರು ವರ್ಷದ ಆಟ, ದುಡ್ಡು ಕೊಟ್ಟು ಆಡಿಸೋದು ಅಂದ್ರೆ ಹೆಣಕ್ಕೆ ಲಿಪ್‌ಸ್ಟಿಕ್ ಹಚ್ಚಿದ ಹಾಗೆ ಅಂತಾರೆ. ಆ ದುಡ್ಡಲ್ಲಿ ಆಟದೊಳಗೆ ಹಾಳಾಗಿರೋದನ್ನ ರಿಪೇರಿ ಮಾಡ್ಸಬಹುದಲ್ಲ."

"ನಮಗೆ ಬಹುಮಾನ ಬೇಡ ಮಾಮ್" ಎಂದ ವಿಲ್ಮಾರ್. "ಆಟ ಒಂದು ತೆಗೆದಿಟ್ರೆ ಸಾಕು. ಹೋದ ಸಲ ಗೆದ್ದ ದುಡ್ಡಲ್ಲಿ ಐದು ಜನ ಒಂದು ಕೋಳಿ ತಿಂದ್ವಿ. ಅದೂ ಸಣ್ಣ ಕೋಳಿ."

"ಬಹುಮಾನ ಇಲ್ದಿದ್ರೆ ನೀವು ನಾಕು ಜನ ಬರ್ತೀರ ಕಣೋ, ಹೊಸಬರು ಬರ್ತಾರಾ?" ಎಂದಳು ಬಾಸಿಲಿಸಾ. "ಮಾಮ್, ನಂಗೆ ಲೆಕ್ಕ ಗೊತ್ತಿಲ್ಲ, ನೋಡಿದ್ದು ಹೇಳ್ತೀನಿ. ಲೀಗ್ ಜೋರಾಗಿದ್ದಾಗ ಹುಡುಗರು ಇದನ್ನ ಕಲಿಯಕ್ಕೆ ಬರ್ತಿದ್ರು. ಬಹುಮಾನ ಇಳೀತಾ ಇಳೀತಾ ಹೊಸ ಮುಖ ನಿಂತೋಯ್ತು. ಇರೋರೇ ಮುದುಕರಾಗ್ತಾರೆ, ಕಾಯಿಲೆ ಬೀಳ್ತಾರೆ, ಹೋಗ್ತಾರೆ. ಹೊಸಬರು ಬರದ ಜಾಗದಲ್ಲಿ ಕೊನೆಗೆ ಯಾರು ಉಳ್ಕೋತಾರೆ ಅಂತ ನಂಗೆ ಗೊತ್ತು. ದುಡ್ಡು ಕೊಡೋದಾದ್ರೆ ಗೆದ್ದೋರಿಗೆ ಅಂತ ಕೊಡಬೇಡಿ. ಬದುಕಿರೋರು ಈ ಬಾಗಿಲೊಳಕ್ಕೆ ಬರಲಿ ಅಂತ ಕೊಡಿ."

ಇನಾರೆಸ್ ಅವಳನ್ನೇ ನೋಡಿದಳು. ಆಮೇಲೆ ಗಡಿಯಾರ ನೋಡಿದಳು. ಮೂರಾಗಿತ್ತು. ಎದುರಾಳಿ ಸಾನ್ ಹೋಸೆಯ ತಂಡ ತನ್ನೂರಿನಿಂದಲೇ ಆಡಲು ತಯಾರಾಗಿತ್ತು. ನಾಲ್ವರೂ ಕೂತರು. ಹೆಸರುಗಳು ಹಸಿರಾದವು: ನಾಲ್ಕು, ಆಮೇಲೆ ಐದು.

"ನಾಲ್ಕು ತಲೆ ಕಾಣ್ತಿದೆ" ಎಂದಳು ಇನಾರೆಸ್. "ತಲಾಬಾ ಎಲ್ಲಿ? ಈ ಅಂಗಡಿಯಿಂದಲೇ ಬಂದಿದಾನೆ ಅಂತ ತೋರಿಸ್ತಿದೆ."

ವಿಲ್ಮಾರ್ ಬಾಸಿಲಿಸಾಳತ್ತ ನೋಡಿದ. ಹೇಳಬೇಡ ಎಂದು ಅವನ ಕಣ್ಣು ಬೇಡುತ್ತಿತ್ತು. ಒಳಗಿನ ಕೋಣೆಯಲ್ಲಿದ್ದಾನೆ, ಹುಷಾರಿಲ್ಲ ಎಂದರೆ ಮುಗಿಯುತ್ತಿತ್ತು. ಅಧಿಕಾರಿಯ ಬಸ್ಸು ನಾಲ್ಕೂವರೆಗೆ. ಬಾಗಿಲು ತೆಗೆದು ನೋಡುವಷ್ಟು ಅನುಮಾನ ಅವಳಿಗಿರಲಿಲ್ಲ. ಲೀಗ್ ಉಳಿಯುತ್ತಿತ್ತು, ರುಡೆಲ್ ಉಳಿಯುತ್ತಿದ್ದ. ಆದರೆ ಈಗಷ್ಟೇ ತಾನೇ ಆಡಿದ ಮಾತನ್ನು ಬಾಸಿಲಿಸಾ ಮರೆತಿರಲಿಲ್ಲ. ಸತ್ತವನ ಹೆಸರಿನ ಮೇಲೆ ಲೀಗ್ ತಂದರೆ ಮುಂದಿನ ವರ್ಷ ಇನ್ನೊಬ್ಬ, ಆಮೇಲೆ ಮತ್ತೊಬ್ಬ. ಒಂದು ದಿನ ಹನ್ನೊಂದೂ ಯಂತ್ರ ಆರಿರುತ್ತವೆ, ಐದೂ ಹೆಸರು ಹಸಿರಾಗಿರುತ್ತವೆ. ಆ ಅಂಗಡಿಯ ಬೀಗ ತಾನೇ ದಿನಾ ತೆಗೆಯಬೇಕು.

"ಅವನು ತೀರ್ಕೊಂಡು ಎರಡು ತಿಂಗಳಾಯ್ತು ಮಾಮ್" ಎಂದಳು.

ಇನಾರೆಸ್ ನಗಲಿಲ್ಲ. ಅವಳೂ ಆ ದ್ವೀಪಗಳಲ್ಲೇ ಹುಟ್ಟಿದವಳು. ಕೈಯಲ್ಲಿದ್ದ ಪುತೋವನ್ನು ಮೆಲ್ಲಗೆ ತಟ್ಟೆಗೆ ಇಟ್ಟಳು. ಪರದೆಯ ಮೇಲೆ ನೀಲಿ ಅಂಗಿಯವನು ಹೊರಡದೆ, ತಂಡದವರ ನಡುವೆ ಸುಮ್ಮನೆ ನಿಂತಿದ್ದ.

"ಈ ಹೆಸರಿಟ್ಕೊಂಡು ನಾನು ಸಹಿ ಹಾಕಕ್ಕಾಗಲ್ಲ" ಎಂದಳು ಕೊನೆಗೆ. "ಅದನ್ನ ತೆಗೆದು ಬದುಕಿರೋರ ಹೆಸರು ಬರೆದ್ರೆ, ಅವರು ಇವತ್ತೇ ಕೂತು ಆಡಿದ್ರೆ, ಐದು ಅಂತ ಬರ್ಕೋತೀನಿ. ಚೆನ್ನಾಗಿ ಆಡಬೇಕು ಅಂತ ಎಲ್ಲೂ ಇಲ್ಲ."

ಬಾಸಿಲಿಸಾ ಮೆನ್ಸಿಯಾಳ ಮುಂದೆ ಹೋಗಿ ನಿಂತಳು.

"ಏನ್ ನೋಡ್ತೀಯ" ಎಂದಳು ಮೆನ್ಸಿಯಾ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು. "ತಳ್ಳಬೇಡ. ಹೇಳಿ ಕಳಿಸು. ನಿನ್ನ ಮಾತು ಕೇಳ್ತಿದ್ದ."

ಬಾಸಿಲಿಸಾ ಪರದೆಯ ಹತ್ತಿರ ಬಗ್ಗಿದಳು. "ತೋತೋ" ಎಂದಳು, ಊರಿನ ಹುಡುಗರನ್ನೆಲ್ಲ ಕರೆಯುವ ಹಾಗೆ. "ಎದ್ದೇಳಪ್ಪ. ನಾನು ಕೂತ್ಕೋತೀನಿ, ಜಾಗ ಬಿಡು." ಆಮೇಲೆ ಪಟ್ಟಿಯಲ್ಲಿ ತಲಾಬಾನ ಹೆಸರು ಅಳಿಸಿ ತನ್ನ ಹೆಸರು ಬರೆದಳು. ನೀಲಿ ಅಂಗಿಯವನು ಇದ್ದ ಜಾಗದಲ್ಲಿ ಬರೀ ನೆಲ ಕಾಣಿಸಿತು. ಡಾಯ್ಲಿನ್ ಮೂಗೊರೆಸಿಕೊಂಡಳು.

ಇಷ್ಟು ವರ್ಷದಲ್ಲಿ ಮೊದಲ ಸಲ ಬಾಸಿಲಿಸಾ ಗಿರಾಕಿಯ ಕುರ್ಚಿಯಲ್ಲಿ ಕೂತಳು. ಎಲ್ಲಾ ದಾರಿಯೂ ಗೊತ್ತಿದ್ದವಳಿಗೆ ಕಾಲೆತ್ತುವುದು ಹೇಗೆಂದು ಗೊತ್ತಿರಲಿಲ್ಲ. ಗೋಡೆಗೆ ಮುಖ ಕೊಟ್ಟು ನಡೆದಳು. ಹೊಳೆಗೆ ಬಿದ್ದಳು.

"ಮನಾಂಗ್, ಅದು ನಮ್ದೇ ಬಾಗಿಲು! ಅದನ್ಯಾಕೆ ಒಡೀತೀಯ!" ಎಂದು ಕೂಗಿದ ವಿಲ್ಮಾರ್.

"ನಿಂಗೆ ನಾಳೆಯಿಂದ ಸಾಲ ಇಲ್ಲ ಹೋಗೋ!"

ಆಟ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಏಳಕ್ಕೆ ಒಂದೇ ಬಾಗಿಲು ಒಡೆದು ಸೋತರು. ಇನಾರೆಸ್ ಕಾಗದ ತುಂಬುತ್ತ, "ಐದು ಜನ, ಎಂಟನೇ ತಂಡ. ಒಂದು ವರ್ಷಕ್ಕೆ ಕೊಡಿ ಅಂತ ಬರೀತೀನಿ. ಹೊಸಬರಿಗೆ ಬೇರೆ ಬಹುಮಾನ ಇಡಿ ಅಂತಾನೂ ಬರೀತೀನಿ" ಎಂದಳು. ಒಂದು ಅಂಕಣದ ಹತ್ತಿರ ಅವಳ ಪೆನ್ನು ನಿಂತಿತು. ನೋಡುಗರು ಎಷ್ಟು ಎಂಬ ಅಂಕಣ. ಅವಳು ಮತ್ತೆ ಪರದೆಯ ಮೂಲೆಗೆ ಕಣ್ಣು ಹಾಯಿಸಿದಳು. ಅಲ್ಲಿ ಕಣ್ಣಿನ ಸಣ್ಣ ಗುರುತಿನ ಪಕ್ಕದಲ್ಲಿ ಒಂದು ಎಂದಿತ್ತು.

"ಆಟದೊಳಗಿಂದ ಯಾರೋ ಒಬ್ಬರು ಮೊದಲಿಂದ ಕೊನೇ ತನಕ ನೋಡಿದಾರೆ. ಸಾನ್ ಹೋಸೆಯವರಲ್ಲ. ನಾನಂತೂ ಅಲ್ಲ" ಎಂದಳು. ಎಲ್ಲರೂ ನೋಡುತ್ತಿದ್ದ ಹಾಗೆ ಒಂದು ಹೋಗಿ ಸೊನ್ನೆಯಾಯಿತು. "ಎಷ್ಟು ಅಂತ ಬರೀಲಿ?"

"ಎರಡು ಅಂತ ಬರ್ಕೊಳಮ್ಮ" ಎಂದಳು ಮೆನ್ಸಿಯಾ, ಬುಟ್ಟಿ ಎತ್ತಿಕೊಳ್ಳುತ್ತ. "ನಾನೂ ನೋಡ್ತಿದ್ನಲ್ಲ."

ಜನವರಿಯಿಂದ ಲೀಗ್ ನಡೆಯುತ್ತದೆ ಎಂಬ ಪತ್ರ ಬಂತು, ಒಂದೇ ವರ್ಷಕ್ಕೆ. ಹೊಸಬರಿಗಿಟ್ಟ ಬಹುಮಾನದ ಆಸೆಗೆ ಆರು ಹುಡುಗರು ಬಂದರು, ಮೂವರು ಉಳಿದರು. ಬಾಸಿಲಿಸಾ ಈಗಲೂ ಆ ತಂಡದ ಐದನೆಯವಳು, ಈಗಲೂ ಹೊಳೆಗೆ ಬೀಳುತ್ತಾಳೆ. ಅವಳ ಜಾಗಕ್ಕೆ ಬರುವಷ್ಟು ಚೆನ್ನಾಗಿ ಆ ಮೂವರಲ್ಲಿ ಯಾರೂ ಇನ್ನೂ ಆಡುತ್ತಿಲ್ಲ. ಮೂರು ಗಂಟೆಗೆ ಹೆಸರುಗಳು ಹಸಿರಾಗುವಾಗ ಅವಳು ಎಣಿಸುತ್ತಾಳೆ, ಐದಕ್ಕೆ ನಿಂತ ಮೇಲೂ ಒಂದು ಕ್ಷಣ ಪರದೆಯ ಮೇಲಿನ ಕಣ್ಣು ಕೀಳುವುದಿಲ್ಲ.