ಅವ್ವ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ

ನಾನು ನರ್ಸ್ ಆಗಿರುವ, ಕಡಲಾಚೆಯ ದೇಶದ ಈ ಊರು ನೆಲ್ಸನ್ ಪಟ್ಟಣದಿಂದ ಗುಡ್ಡ ದಾಟಿದರೆ ಸಿಗುತ್ತದೆ. ನಮ್ಮ ಜಿಲ್ಲೆಗೆ ಒಂದು ಕಡೆ ನದಿಯೇ ಗಡಿ. ಪ್ರವಾಹ ಬಂದಾಗಲೆಲ್ಲ ನದಿ ಜಾಗ ಬದಲಿಸುತ್ತದೆ. "ಹಂಗಾರ ಗಡಿ ಯಾರ ಹೊಲದಾಗ ಬಂತು? ಕೇಸ್ ಹಾಕಂಗಿಲ್ಲೇನು ಇವರು?" ಎಂದು ಅವ್ವ ಇಲ್ಲಿಗೆ ಬಂದ ಹೊಸದರಲ್ಲಿ ಕೇಳಿದ್ದಳು. ಯಾರೂ ಹಾಕಿಲ್ಲ ಅಂದಾಗ ಈ ಜನರ ತಲೆ ನೆಟ್ಟಗಿದೆಯೇ ಎಂದು ಅವಳಿಗೆ ಅನುಮಾನ ಬಂತು.

ಅದಕ್ಕೆ ಕಾರಣವಿತ್ತು. ಧಾರವಾಡದ ಕಡೆ ನಮ್ಮ ಅಜ್ಜ, ಅಂದರೆ ಅವಳ ಅಪ್ಪ, ಹೊಲದ ಬದುವಿನ ಮೇಲಿದ್ದ ಒಂದು ಬೇವಿನ ಮರ ತನ್ನದೆಂದು ಕೇಸ್ ಹಾಕಿ, ಅಲೆದಲೆದೇ ಮುದುಕನಾದ. ತೀರ್ಪು ಅಜ್ಜನ ಕಡೆಗೇ ಬಂತು. ಅಷ್ಟೊತ್ತಿಗೆ ಮರ ಒಣಗಿ ಬಿದ್ದು ಯಾರದೋ ಒಲೆ ಸೇರಿತ್ತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುವುದು ನಮ್ಮಲ್ಲಿ ಗಾದೆಯಲ್ಲ, ಮನೆತನದ ಚರಿತ್ರೆ. ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲವೆಂದು ಅಜ್ಜ ಸಾಯುವಾಗ ಅವ್ವನಿಂದ ಆಣೆ ಮಾಡಿಸಿಕೊಂಡಿದ್ದ.

ಹೋದ ವರ್ಷ ಅವ್ವನಿಗೆ ಇಲ್ಲಿನ ಪೌರತ್ವ ಮಂಜೂರಾಯಿತು. ಪ್ರಮಾಣವಚನವೊಂದೇ ಬಾಕಿ. ಭೂಕಂಪವಾದರೆ ಬೀಳುತ್ತದೆಂದು ಕೌನ್ಸಿಲ್ ಹಾಲ್ ರಿಪೇರಿಗೆ ಹಿಡಿದಿದ್ದರಿಂದ ಸಮಾರಂಭ ಹಳೆಯ ಕೋರ್ಟ್ ಕಟ್ಟಡಕ್ಕೆ ಹೋಯಿತು. ಅಲ್ಲಿ ಕೇಸು ನಿಂತು ಎಷ್ಟೋ ಕಾಲವಾಗಿದೆ, ಈಗ ಸ್ವೆಟರ್ ಹೆಣೆಯುವ ಕ್ಲಾಸ್ ನಡೆಯುತ್ತದೆ. ಆದರೆ ಬಾಗಿಲ ಮೇಲೆ ಕಲ್ಲಿನಲ್ಲಿ ಕೊರೆದ ಹೆಸರು ಹಾಗೇ ಇದೆ. ಅವ್ವ ಓದಬಲ್ಲ ನಾಲ್ಕಾರು ಇಂಗ್ಲಿಷ್ ಶಬ್ದಗಳಲ್ಲಿ ಅದೂ ಒಂದು.

"ನಾ ಹತ್ತಂಗಿಲ್ಲವಾ," ಎಂದು ಇಳಕಲ್ ಸೀರೆ ಉಟ್ಟ ಅವ್ವ ಮೆಟ್ಟಿಲ ಕೆಳಗೇ ನಿಂತುಬಿಟ್ಟಳು.

"ಒಳಗ ಜಡ್ಜ್ ಇಲ್ಲವ್ವಾ, ಬರೇ ಚಹಾ, ಕೇಕ್ ಅದಾವ."

"ಅಪ್ಪಗ ಮಾತು ಕೊಟ್ಟೀನಿ."

ನನಗೆ ಅಳುವೇ ಬಂತು. ಇದು ತಪ್ಪಿದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಅವ್ವ ಮನಸ್ಸು ಬದಲಿಸಿ ಊರಿಗೆ ಹೊರಟರೆ? ನನಗೆ ಅವಳು ಇಲ್ಲಿ ಬೇಕಿತ್ತು.

ಅವ್ವನಿಗೆ ಪಕ್ಕದಲ್ಲಿ ಗಾಲಿಕುರ್ಚಿಗೆಂದು ಮಾಡಿದ ಇಳಿಜಾರು ಕಂಡಿತು. "ಅಪ್ಪ ಮೆಟ್ಟಿಲಾ ಅಂದಿದ್ದ. ಇದರ ಸುದ್ದಿ ಎತ್ತಿರಲಿಲ್ಲ," ಎಂದು ಸೆರಗು ಸಿಕ್ಕಿಸಿ ಹೊರಟಳು. ಕಾಲುನೋವಿರಬೇಕೆಂದು ಕೌನ್ಸಿಲಿನ ಹೆಂಗಸು, ಪಾಪ, ಗಾಲಿಕುರ್ಚಿ ತಳ್ಳಿಕೊಂಡು ಓಡಿಬಂದಳು. ಕೊಟ್ಟ ಕುರ್ಚಿ ಬಿಡುವುದೇಕೆಂದು ಅವ್ವ ಕುಳಿತೇಬಿಟ್ಟಳು. ಎತ್ತಿನ ಗೆಜ್ಜೆಸರದಂಥ ಪದವಿಯ ದಪ್ಪ ಸರ ಹಾಕಿಕೊಂಡ ಮೇಯರ್ ಪ್ರಮಾಣವಚನ ಹೇಳಿಕೊಡಲು ಅವಳ ಮುಂದೆ ಮೊಣಕಾಲೂರಿದರು. ಅದರಲ್ಲಿ ಈ ದೇಶದ ರಾಜನ ಹೆಸರು ಬಂದ ಕೂಡಲೇ ಕುಳಿತಿರುವುದು ಚಂದವಲ್ಲವೆಂದು ಅವ್ವ ಸಟಕ್ಕನೆ ಎದ್ದು ನಿಂತಳು. ಪವಾಡ ಕಂಡವರಂತೆ ಸಭೆ ಚಪ್ಪಾಳೆ ತಟ್ಟಿತು. ಒಬ್ಬ ಮುದುಕ ಕಣ್ಣೊರೆಸಿಕೊಂಡ.

ಇಲ್ಲಿನ ಪದ್ಧತಿಯಂತೆ ಹೊಸ ಪ್ರಜೆಗೊಂದು ಸಸಿ. ಮೇಯರ್ ಹಳದಿ ಹೂ ಬಿಡುವ ಕೋವೈ ಗಿಡವನ್ನು ಅವ್ವನ ಕೈಗಿಟ್ಟರು.

"ಯಾರ ಗಿಡ ಇದು?" ಅವ್ವ ನನ್ನನ್ನು ಕೇಳಿದಳು.

"ನಿಂದವ್ವಾ."

"ನಂದಂತ ಯಾರು ಹೇಳಿದ್ರು?"

"ಸರ್ಕಾರ."

ಅವಳು ಸಸಿಯ ಎಲೆಗಳನ್ನು ಮೆಲ್ಲಗೆ ಸವರಿದಳು. ಹೊರಡುವಾಗ ನಾನು ಇಳಿಜಾರಿನ ಕಡೆ ತಿರುಗಿದರೆ ಅವಳು ಮುಂಬಾಗಿಲಿಗೇ ನಡೆದಳು. "ಇಳೀಬ್ಯಾಡ ಅಂದಿಲ್ಲ ಅಪ್ಪ," ಎಂದು ಸಸಿಯನ್ನು ಎದೆಗವಚಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಕೆಳಗೆ ಬಂದಾಗ ಕಣ್ಣು ತುಂಬಿದ್ದವು.

"ಅಷ್ಟು ವರ್ಷ ಹತ್ತಿ ಇಳದಾ ಅಪ್ಪ, ಕೈಯಾಗ ಒಂದ ಎಲಿ ಬರಲಿಲ್ಲ ನೋಡು," ಅಂದಳು.

ಕಾರು ಹತ್ತಿದ ಮೇಲೆ ಸಸಿಯನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಹೇಳಿದಳು: "ಬೇಲಿ ಸಮೀಪ ಹಚ್ಚಬ್ಯಾಡ. ಅಂಗಳದ ನಟ್ಟನಡುವ ಹಚ್ಚೂಣು."