ಹಾರ್ನ್ ಹಾಕದೆ ದಾಟಿದ ಮೋರಿ

ನಮ್ಮ ಕಡೆ ಬಸ್ಸು ಹಾರ್ನ್ ಹಾಕಿತೆಂದರೆ ಸೈಕಲಿನವರು ಡಾಮರು ಬಿಟ್ಟು ಪಕ್ಕದ ಮಣ್ಣಿಗೆ ಇಳಿಯಬೇಕು. ಯಾರೂ ಮಾಡಿದ ಕಾನೂನಲ್ಲ, ಆದರೂ ಎಲ್ಲರೂ ಇಳಿಯುತ್ತಿದ್ದರು. ಬೆಳ್ತಂಗಡಿಗೆ ಖಾಸಗಿ ಬಸ್ಸು ಓಡಿಸುತ್ತಿದ್ದ ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸರಕಾರದ ಸೈಕಲ್ ಸಿಕ್ಕಿದಾಗ ಎದುರು ಕೂರಿಸಿಕೊಂಡು ಹೇಳಿಕೊಟ್ಟಿದ್ದೆ: "ಹಾರ್ನ್ ಕೇಳಿದ್ರೆ ತಿರುಗಿ ನೋಡ್ಲಿಕ್ಕೆ ಹೋಗ್ಬೇಡ. ಸೀದಾ ಇಳಿ."

ಒಂದು ಮಳೆಗಾಲದ ಬೆಳಿಗ್ಗೆ ಕಕ್ಕಿಂಜೆ ದಾಟಿ ತಿರುವಿಗೆ ಬಂದರೆ, ಮುಂದೆ ಅವಳೇ! ನೀಲಿ ರೈನ್‌ಕೋಟು, ಕ್ಯಾರಿಯರಿನಲ್ಲಿ ಬ್ಯಾಗು. ಅವಳ ಮುಂದೆ ಮೋರಿ. ಮೋರಿಯ ಪಕ್ಕದ ಮಣ್ಣು ಕುಸಿದು, ಅಡಿಯಲ್ಲಿ ಹರಿಯುವ ತೋಡಿಗೆ ಹೋದದ್ದನ್ನು ಮೊದಲ ಟ್ರಿಪ್ಪಿನಲ್ಲೇ ನೋಡಿದ್ದೆ. ಈಗ ಅಲ್ಲಿ ಕೆಂಪು ನೀರು ತುಂಬಿ ನೆಲ ಸಮನಾಗಿ ಕಾಣುತ್ತಿತ್ತು. ಹಾರ್ನ್ ಹಾಕಿದರೆ ಅವಳು ಇಳಿಯುತ್ತಾಳೆ. ಇಳಿದರೆ ತೋಡಿಗೇ. ಹಾರ್ನಿನ ಮೇಲಿಂದ ಕೈ ತೆಗೆದು ಬಸ್ಸನ್ನು ಎರಡನೇ ಗೇರಿಗೆ ತಂದೆ.

ಹಿಂದೆ, ನಮ್ಮ ಟೈಮಿಂಗಿಗೆ ಕಣ್ಣು ಹಾಕಿ, ಮುಂದಿನ ಸ್ಟಾಪಿನ ಜನರನ್ನು ನಮಗಿಂತ ಮೊದಲು ಹತ್ತಿಸಿಕೊಳ್ಳಲು ಹೊರಟಿದ್ದ ಇನ್ನೊಂದು ಬಸ್ಸು ಅಂಟಿಕೊಂಡೇ ಬರುತ್ತಿತ್ತು. ಕಂಡಕ್ಟರ್ ಬಾಗಿಲು ಬಡಿದ.

"ಎಂತ ಮಾರಾಯ್ರೆ, ಅವ ಮುಂದೆ ಹೋಗ್ತಾನೆ!"

"ಹೇಗೆ ಹೋಗ್ತಾನೆ ನೋಡುವ," ಎಂದು ಬಸ್ಸನ್ನು ರಸ್ತೆಯ ನಡುವಿಗೆ ತಂದೆ.

"ಒಂದು ಸೈಕಲ್‌ಗೆ ಹೆದರಿದ್ರೆ ನಾವು ಆಫೀಸಿಗೆ ಮುಟ್ಟಿದ ಹಾಗೇ," ಎಂದು ಯಾರೋ ಪ್ರಯಾಣಿಕರು ಕುಟುಕಿದರು. ಮೈಯೆಲ್ಲ ಉರಿದುಹೋಯಿತು. ಬೇರೆ ದಿನವಾಗಿದ್ದರೆ ಅವರನ್ನು ಅಲ್ಲೇ ಬಸ್ಸಿನಿಂದ ಇಳಿಸುತ್ತಿದ್ದೆ.

ಅಷ್ಟರಲ್ಲಿ ಹಿಂದಿನವನು ಹಾರ್ನ್ ಒತ್ತಿ ಹಿಡಿದ. ಮಗಳ ಹ್ಯಾಂಡಲ್ ಎಡಕ್ಕೆ ವಾಲಿತು. ಕಿಟಕಿಯಿಂದ ಹೊರಗೆ ಬಾಗಿ ಕಿರುಚಿದೆ:

"ಇಳೀಬೇಡ ಮಗಾ! ಡಾಮರಲ್ಲೇ ಹೋಗು!"

ಅವಳಿಗೆ ನನ್ನ ಸ್ವರದ ಗುರುತು ಸಿಕ್ಕಿತು. ಅಂಚಿಗೆ ಹೋಗಿದ್ದ ಮುಂದಿನ ಚಕ್ರ ಒಮ್ಮೆ ನಡುಗಿ ಒಳಗೆ ಬಂತು. ಅವಳು ಮೋರಿ ದಾಟುವವರೆಗೆ ನಾನು ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ.

ಆಚೆ ಗಟ್ಟಿ ನೆಲದಲ್ಲಿ ಅವಳು ಇಳಿದು ನಿಂತಳು. ನಾನು ಅವಳ ಪಕ್ಕಕ್ಕೇ ತಂದು ನಿಲ್ಲಿಸಿದೆ. ಹಿಂದಿನ ಬಸ್ಸು ಬೈಗುಳ ಎಸೆಯುತ್ತ ಹಾರಿಹೋಯಿತು. ಹಾಳಾಗಿ ಹೋಗಲಿ!

"ಅಲ್ಲಿ ಮಣ್ಣೇ ಇಲ್ಲ ಮಗಾ. ಅದಕ್ಕೆ ಬೇಡ ಅಂದದ್ದು," ಎಂದೆ.

ಅವಳು ತಿರುಗಿ ಆ ಕೆಂಪು ನೀರನ್ನು ನೋಡಿದಳು. ಮುಖ ಬಿಳಿಚಿಕೊಂಡಿತ್ತು.

"ನಾಳೆ ಹಿಂದಿನಿಂದ ಬೇರೆಯವರ ಬಸ್ಸು ಬಂದ್ರೆ ಎಂತ ಮಾಡ್ಲಿ, ಅಪ್ಪ?"